ಓದುಗರ ಪ್ರಶ್ನೆ: ಮಗಳಿಗೆ ಆನೆಯೇ ಗೆಳತಿ

ಪ್ರಶ್ನೆ: ನನ್ನ ಪತಿ ಸೈನ್ಯದಲ್ಲಿದ್ದಾರೆ. ಕಳೆದ ವರ್ಷ ನಾನು ಒಂಬತ್ತು ವರ್ಷದ ಮಗಳೊಂದಿಗೆ ದುಬಾರೆಯ ಸಮೀಪದಲ್ಲಿರುವ ಮಾವನವರ ಕಾಫಿ ತೋಟಕ್ಕೆ ಬಂದು ನೆಲೆಸಿದೆ. ಅಕ್ಕಪಕ್ಕದಲ್ಲಿ ಮನೆಗಳಿಲ್ಲ, ಹೊಸ ಶಾಲೆಯಲ್ಲಿ ಅವಳಿಗೆ ಇನ್ನೂ ಯಾರೂ ಜೊತೆಯಾಗಿಲ್ಲ. ಭಾನುವಾರ ಅಜ್ಜನೊಂದಿಗೆ ಆನೆ ಶಿಬಿರಕ್ಕೆ ಹೋಗುವುದೊಂದೇ ಅವಳ ಸಂತೋಷ. ಅಲ್ಲಿನ ಒಂದು ಹೆಣ್ಣಾನೆ ತನ್ನ ಗೆಳತಿ, ಅದು ತನ್ನೊಂದಿಗೆ ಮಾತನಾಡುತ್ತದೆ, ಆ ಮಾತು ಕಿವಿಗೆ ಕೇಳಿಸದಿದ್ದರೂ ಎದೆಗೆ ತಿಳಿಯುತ್ತದೆ ಎನ್ನುತ್ತಾಳೆ. ತೋಟಕ್ಕೆ ಕಾಡಾನೆ ಬಂದರೂ ತನಗೇನೂ ಮಾಡುವುದಿಲ್ಲ ಎಂದು ಅವಳು ಹೇಳಿದ್ದನ್ನು ಕೇಳಿ ನನಗೆ ಭಯವಾಗಿದೆ. ಇದೆಲ್ಲ ಒಂಟಿತನದ ಕಲ್ಪನೆಯೇ? ಶಿಬಿರಕ್ಕೆ ಹೋಗುವುದನ್ನು ನಿಲ್ಲಿಸಬೇಕೇ?
— ಹೆಸರು ಬೇಡ, ಕುಶಾಲನಗರ ತಾಲ್ಲೂಕು

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಕಾಡಾನೆಯ ವಿಚಾರದಲ್ಲಿ ಮಾತ್ರ ನಿಮ್ಮ ಭಯ ಸರಿಯಾದುದು. ಅದಕ್ಕೆ ಆಮೇಲೆ ಬರುತ್ತೇನೆ.

ಎದೆಗೆ ತಿಳಿಯುವ ಮಾತು ಎಂದು ನಿಮ್ಮ ಮಗಳು ಹೇಳಿದ್ದನ್ನು ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ತಿಮಿಂಗಿಲಗಳ ಹಾಡನ್ನು ಅಧ್ಯಯನ ಮಾಡಿದ್ದ ಕೇಟಿ ಪೇಯ್ನ್ ಎಂಬ ಸಂಶೋಧಕಿ 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ಕುಳಿತಿದ್ದಾಗ, ಯಾವ ಸದ್ದೂ ಇಲ್ಲದೆ ಗಾಳಿ ಮಿಡಿಯುತ್ತಿರುವ ಅನುಭವವಾಯಿತು. ಧ್ವನಿಮುದ್ರಣ ಮಾಡಿ ಪರಿಶೀಲಿಸಿದಾಗ, ಮನುಷ್ಯನ ಕಿವಿಗೆ ಎಟುಕದ, ಸೆಕೆಂಡಿಗೆ 20ಕ್ಕಿಂತ ಕಡಿಮೆ ಕಂಪನಗಳ ಕೆಳದನಿಯಲ್ಲಿ ಆನೆಗಳು ಒಂದನ್ನೊಂದು ಕರೆಯುತ್ತಿದ್ದವೆಂಬುದು ತಿಳಿದುಬಂತು. ಇದನ್ನು ಮಗಳಿಗೆ ಹೇಳಿ. ಯಾರೂ ನಂಬದ ತನ್ನ ಅನುಭವ ಮತ್ತೊಬ್ಬರಿಗೂ ಆಗಿತ್ತೆಂದು ತಿಳಿಯುವುದು ಒಂಟಿಯಾದ ಮಗುವಿಗೆ ದೊಡ್ಡ ಸಮಾಧಾನ. ಆ ಕೆಳದನಿ ಅವಳನ್ನೇ ಉದ್ದೇಶಿಸಿದ್ದೋ, ಪಕ್ಕದ ಆನೆಯನ್ನೋ ಎಂಬುದನ್ನು ಈಗಲೇ ತೀರ್ಮಾನಿಸುವ ಅಗತ್ಯವಿಲ್ಲ.

ಆನೆಗೂ ಒಂಟಿತನವಿದೆ. ದಕ್ಷಿಣ ಕೊರಿಯಾದ ಒಂದು ಮೃಗಾಲಯದಲ್ಲಿ ಕೋಶಿಕ್ ಎಂಬ ಗಂಡಾನೆ ಎಳೆಯ ಪ್ರಾಯದ ಹಲವು ವರ್ಷಗಳನ್ನು ಬೇರೆ ಆನೆಯ ಜೊತೆಯಿಲ್ಲದೆ, ಮನುಷ್ಯರ ನಡುವೆಯೇ ಕಳೆಯಿತು. ಅದು ಸೊಂಡಿಲಿನ ತುದಿಯನ್ನು ಬಾಯೊಳಗಿಟ್ಟು ಸ್ವರವನ್ನು ಬದಲಿಸಿಕೊಂಡು, 'ನಮಸ್ಕಾರ', 'ಕೂತುಕೋ', 'ಬೇಡ' ಎಂಬರ್ಥದ ಪದಗಳೂ ಸೇರಿದಂತೆ ಐದು ಕೊರಿಯನ್ ಪದಗಳನ್ನು ನುಡಿಯುವುದನ್ನು ಕಲಿತಿತ್ತೆಂದು 2012ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆ ಪದಗಳ ಅರ್ಥ ಅದಕ್ಕೆ ತಿಳಿದಿತ್ತೆನ್ನಲು ಆಧಾರ ಸಿಗಲಿಲ್ಲ. ತನ್ನ ಸುತ್ತ ಇದ್ದ ಏಕೈಕ ಬಳಗಕ್ಕೆ ಹತ್ತಿರವಾಗಲೆಂದೇ ಅದು ಹಾಗೆ ಕಲಿತಿರಬೇಕೆಂಬುದು ಅವರ ಊಹೆ. ನನಗೆ ಈ ಸಂಗತಿಯನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ. ಕಾಡಿನಲ್ಲಿ ಹೆಣ್ಣಾನೆಗಳು ತಾಯಿ, ಮಗಳು, ಚಿಕ್ಕಮ್ಮಂದಿರ ಹಿಂಡಿನಲ್ಲೇ ಬದುಕುವಂಥವು. ಆದ್ದರಿಂದ ಆ ಆನೆ ತನಗೆ ಏನಾಗಬೇಕೆಂದು ಕೇಳುವ ಮಗಳು, ಅದಕ್ಕೆ ಇನ್ನಾರ ಜೊತೆ ಬೇಕೆಂದೂ ಕೇಳಲು ಕಲಿಯಲಿ. ಅದು ಎಲ್ಲಿಂದ ಬಂತು, ಶಿಬಿರದಲ್ಲಿ ಯಾವ ಆನೆಯ ಪಕ್ಕದಲ್ಲಿ ನಿಲ್ಲಲು ಬಯಸುತ್ತದೆ, ಯಾವುದನ್ನು ಕಂಡರೆ ಆಗುವುದಿಲ್ಲ ಎಂಬುದನ್ನೆಲ್ಲ ಗಮನಿಸಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಗಡಿಯಲ್ಲಿರುವ ತಂದೆಗೆ ಕಾಗದ ಬರೆಯಲೂ ಅವಳಿಗೊಂದು ವಿಷಯ ಸಿಕ್ಕಂತಾಗುತ್ತದೆ.

ಇವುಗಳಿಗೆಲ್ಲ ಉತ್ತರ ಇರುವುದು ಮಾವುತರ ಬಳಿ. ನಮ್ಮ ಶಿಬಿರಗಳ ಮಾವುತರು ಮತ್ತು ಅವರ ಸಹಾಯಕರಾದ ಕಾವಾಡಿಗಳಲ್ಲಿ ಅನೇಕರು ಜೇನುಕುರುಬ ಸಮುದಾಯದವರು. ಸಂಜೆ ಕಾಡಿಗೆ ಮೇಯಲು ಬಿಟ್ಟ ಆನೆಯನ್ನು ಬೆಳಿಗ್ಗೆ ಹೆಜ್ಜೆಯ ಮತ್ತು ಸರಪಳಿ ಎಳೆದ ಗುರುತು ಹಿಡಿದು ಹುಡುಕಿ ಕರೆತರುವ, ಹೊಳೆಯಲ್ಲಿ ತಿಕ್ಕಿ ತೊಳೆಯುವ, ಕಾಯಿಲೆಯಾದರೆ ರಾತ್ರಿಯಿಡೀ ಕಾಯುವ ಜನ. ನಿಮ್ಮ ಮಗಳು ಆ ಆನೆಯನ್ನು ಮುಟ್ಟಲು ಸಾಧ್ಯವಾಗಿರುವುದು ಅವರು ಪಕ್ಕದಲ್ಲಿರುವುದರಿಂದಲೇ. ಮಾವುತರು ಇಲ್ಲದಾಗ ಹತ್ತಿರ ಹೋಗಬಾರದು, ಹಿಂದಿನಿಂದ ಸಮೀಪಿಸಬಾರದು, ಅವರು ಹೇಳದೆ ಏನನ್ನೂ ತಿನ್ನಿಸಬಾರದು. ಶಿಬಿರದ ಆಸುಪಾಸಿನಲ್ಲಿ ಅವರ ಮಕ್ಕಳೂ ಇರುತ್ತಾರೆ. ಆನೆಯ ಬಗ್ಗೆ ಮಾತು ಆರಂಭವಾದರೆ ನಾಚಿಕೆ ತಾನಾಗಿ ಕರಗುವ ವಯಸ್ಸು ಅದು. ಅಜ್ಜನವರು ಇನ್ನರ್ಧ ಗಂಟೆ ಹೆಚ್ಚು ಕುಳಿತು ಅದಕ್ಕೆ ಅವಕಾಶ ಮಾಡಿಕೊಡಲಿ.

ಅಗಲಿಕೆಗೂ ಅವಳನ್ನು ಸಿದ್ಧಗೊಳಿಸಿ. ಮಳೆಗಾಲದಲ್ಲಿ ಕಾವೇರಿ ತುಂಬಿ ಹರಿದಾಗ ಶಿಬಿರಕ್ಕೆ ದೋಣಿ ಇರುವುದಿಲ್ಲ. ದಸರೆಗೆ ಆಯ್ಕೆಯಾದ ಆನೆಗಳು ವಾರಗಳ ಮೊದಲೇ ಮೈಸೂರಿಗೆ ಹೊರಡುತ್ತವೆ; ಅಂಬಾರಿ ಆನೆಯ ಅಕ್ಕಪಕ್ಕದಲ್ಲಿ ನಡೆಯುವ ಕುಮ್ಕಿ ಆನೆಗಳು ಹೆಣ್ಣಾನೆಗಳೇ. ಮುಂಚಿತವಾಗಿ ಹೇಳಿದ್ದರೆ ಮಗು ಕಾಯುತ್ತದೆ.

ಇನ್ನು ಕಾಡಾನೆಯ ಮಾತು. ಇಲ್ಲಿ ಮೃದುವಾಗಬೇಡಿ. ಹಲಸು ಹಣ್ಣಾಗುವ ಕಾಲದಲ್ಲಿ, ಗದ್ದೆಯಲ್ಲಿ ಭತ್ತ ಬಲಿತಾಗ ತೋಟಕ್ಕೆ ಬರುವ ಆನೆಗೆ ನಿಮ್ಮ ಮಗಳ ಪರಿಚಯವಿಲ್ಲ. ಅದಕ್ಕೆ ಮನುಷ್ಯರೆಂದರೆ ಪಟಾಕಿ, ಕೂಗಾಟ ಮತ್ತು ಬೆನ್ನಟ್ಟುವವರು. ಮರಿಯೊಂದಿಗಿರುವ ಹೆಣ್ಣಾನೆಯಾಗಲಿ, ಕಣ್ಣು ಮತ್ತು ಕಿವಿಯ ನಡುವಿನಿಂದ ಮದ ಸ್ರವಿಸುತ್ತಿರುವ ಸಲಗವಾಗಲಿ, ಕಾಫಿ ಗಿಡಗಳ ಮರೆಯಲ್ಲಿ ನಿಂತಿದ್ದರೆ ಹತ್ತು ಮಾರು ದೂರದಲ್ಲಿದ್ದರೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮದವೇರಿದಾಗ ಸಾಕಿದ ಸಲಗವನ್ನೂ ಮಾವುತರು ಬಹಳ ಎಚ್ಚರಿಕೆಯಿಂದ ಪ್ರತ್ಯೇಕವಾಗಿ ಇರಿಸುತ್ತಾರೆ. ನಸುಕಿನಲ್ಲಿ ಮತ್ತು ಸಂಜೆಯ ಮೇಲೆ ಅವಳು ತೋಟದ ದಾರಿಯಲ್ಲಿ ಒಬ್ಬಳೇ ನಡೆಯಬಾರದು. ಆನೆ ಬಂದಿರುವ ಸುದ್ದಿ ತಿಳಿದ ದಿನ ಶಾಲೆಯ ಬಸ್ಸಿನವರೆಗೆ ದೊಡ್ಡವರು ವಾಹನದಲ್ಲಿ ಕರೆದೊಯ್ಯಲಿ. ಇದನ್ನು ನೀವು ಹೇಳಿದರೆ ತನ್ನ ಗೆಳತಿಯನ್ನು ದೂರುತ್ತಿದ್ದೀರೆಂದು ಅವಳಿಗೆ ಅನ್ನಿಸಬಹುದು. ಆದ್ದರಿಂದ ಅಜ್ಜನವರು ಮಾವುತರಿಗೆ ಮೊದಲೇ ವಿಷಯ ತಿಳಿಸಿ, ಬರುವ ಭಾನುವಾರವೇ ಆ ಆನೆಯ ಎದುರಿನಲ್ಲಿ, ಅವರ ಬಾಯಿಂದಲೇ ಮಗಳಿಗೆ ಹೇಳಿಸಲಿ.