ಪತ್ರಿಕೋದ್ಯಮ ವಿದ್ಯಾರ್ಥಿಗಳು ತರುವ ಪ್ರಾಯೋಗಿಕ ಪತ್ರಿಕೆಯಿಂದ ನಿಜವಾಗಲೂ ಏನಾದರೂ ಕಲಿಯುತ್ತಾರಾ?

ನಿಮ್ಮ ಮಗಳು ಧಾರವಾಡದಲ್ಲಿ ಪತ್ರಿಕೋದ್ಯಮ ಓದಬೇಕು ಅಂತಿದ್ದಾಳೆ. ಅಲ್ಲಿ ಹುಡುಗರೇ ಸೇರಿ ತರುವ ನಾಲ್ಕು ಪುಟದ ಪತ್ರಿಕೆಗೆ ಅಷ್ಟೊಂದು ಸಮಯ ಹಾಕೋದು ದಂಡ ಅಲ್ವಾ ಅಂತ ಕೇಳಿದ್ದೀರಿ. ಖಂಡಿತ ದಂಡ ಅಲ್ಲ. ನಾನು ಧಾರವಾಡದಲ್ಲೇ ಓದಿ, ಆಮೇಲೆ ಹುಬ್ಬಳ್ಳಿಯಲ್ಲಿ ಹದಿನಾಲ್ಕು ವರ್ಷ ಸುದ್ದಿ ಡೆಸ್ಕ್‌ನಲ್ಲಿ ಕೆಲಸ ಮಾಡಿದವನು. ಪರೀಕ್ಷೆಗೆ ಓದಿದ್ದು ಜಾಸ್ತಿ ನೆನಪಿಲ್ಲ. ಆ ನಾಲ್ಕು ಪುಟ ಕಲಿಸಿದ್ದು ಮಾತ್ರ ಮರೆತಿಲ್ಲ.

ನಮ್ಮ ಎರಡನೇ ಸಂಚಿಕೆಗೆ ನಾನು ಸಂತೆಯಲ್ಲಿ ರೊಟ್ಟಿ ಮಾರುವ ಒಬ್ಬ ಅಜ್ಜಿಯ ಬಗ್ಗೆ ಬರೆದೆ. ಅರ್ಧ ಗಂಟೆ ಪಕ್ಕದಲ್ಲೇ ಕೂತು ಮಾತಾಡಿಸಿದ್ದೆ. ದಿನಕ್ಕೆ ಎಷ್ಟು ಜೋಳ ಬೇಕು, ಎಷ್ಟು ರೊಟ್ಟಿ ಆಗುತ್ತವೆ, ಬೆಳಿಗ್ಗೆ ಎಷ್ಟು ಗಂಟೆಗೆ ಒಲೆ ಹಚ್ಚುತ್ತೀರಿ, ಎಲ್ಲಾ ಕೇಳಿದೆ. ಅಜ್ಜಿಯ ಹಣೆಯಲ್ಲಿ ಕುಂಕುಮ ಇರಲಿಲ್ಲ. ‘ಗಂಡ ತೀರಿಕೊಂಡ ಮೇಲೆ ರೊಟ್ಟಿಯೇ ಆಸರೆ’ ಅಂತ ಬರೆದುಬಿಟ್ಟೆ. ಯಾರೂ ಹಾಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಪತ್ರಿಕೆ ಬಂದ ದಿನ ಒಂದು ಪ್ರತಿ ಕೊಡಲು ಹೋದೆ. ಪಕ್ಕದ ಬಾಳೆಹಣ್ಣಿನ ಗಾಡಿ ಹುಡುಗ ಜೋರಾಗಿ ಓದಿದ. ಅಜ್ಜಿ ಪೂರ್ತಿ ಕೇಳಿಸಿಕೊಂಡಳು. ಬುಟ್ಟಿಯ ಮೇಲಿನ ಅರಿವೆ ಸರಿ ಮಾಡಿ, “ತಮ್ಮಾ, ನಮ್ಮ ಮನಿಯವರು ಇನ್ನೂ ಅದಾರ. ಬೆವರಿಗೆ ಕುಂಕುಮ ಅಳಿಸಿರಬೇಕು. ಒಂದು ಮಾತು ಕೇಳಬೇಕಿತ್ತಿಲ್ಲೋ?” ಅಂದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನಿಸಿತು.

ಮುಂದಿನ ಸಂಚಿಕೆಯಲ್ಲಿ ಮೂರು ಸಾಲಿನ ತಿದ್ದುಪಡಿ ಬಂತು. ಕೊನೇ ಪುಟದ ಮೂಲೆಯಲ್ಲಿ ಹಾಕೋಣ ಅಂತ ನಾವು ಅಂದುಕೊಂಡಿದ್ದೆವು. ನಮ್ಮ ಸರ್ ಒಪ್ಪಲಿಲ್ಲ. ಲೇಖನ ಬಂದ ಪುಟದಲ್ಲೇ ಹಾಕಿಸಿದರು, ನೀನೇ ಒಯ್ದು ಓದಿ ಹೇಳಿ ಬಾ ಅಂದರು. ಹೋದಾಗ ಅಜ್ಜಿಯ ಯಜಮಾನರೂ ಅಲ್ಲೇ ಕೂತಿದ್ದರು. ಅವರೆದುರೇ ಓದಿದೆ. ಅಲ್ಲಿಂದೀಚೆಗೆ ಡೆಸ್ಕ್‌ಗೆ ಬಂದ ಯಾವ ವರದಿಯಲ್ಲೂ ‘ದಿವಂಗತ’ ಅನ್ನೋ ಪದ ಕಂಡರೆ ವರದಿಗಾರನಿಗೆ ಫೋನ್ ಮಾಡದೆ ಬಿಟ್ಟವನಲ್ಲ.

ವಿದ್ಯಾರ್ಥಿಗಳಿಂದಲೇ ಪತ್ರಿಕೆ ತರಿಸಿ ಕಲಿಸುವ ಈ ಪದ್ಧತಿ ಎಲ್ಲಿಂದ ಬಂತು ಅಂತಲೂ ಕೇಳಿದ್ದೀರಿ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ 1908ರ ಸೆಪ್ಟೆಂಬರ್ 14ರಂದು ಪತ್ರಿಕೋದ್ಯಮ ಶಾಲೆಯ ಪಾಠ ಶುರುವಾಯಿತು. ವಿದ್ಯಾರ್ಥಿಗಳ ಪತ್ರಿಕೆಯ ಮೊದಲ ಸಂಚಿಕೆ ಬಂದಿದ್ದೂ ಅದೇ ದಿನ. ಅದರಲ್ಲಿ ಕ್ಯಾಂಪಸ್ ಸುದ್ದಿ ಅಷ್ಟೇ ಅಲ್ಲ, ಊರಿನ ಸುದ್ದಿಯೂ ಇರುತ್ತಿತ್ತು. ಶಾಲೆ ಕಟ್ಟಿದ ವಾಲ್ಟರ್ ವಿಲಿಯಮ್ಸ್ ಸ್ವತಃ ಕಾಲೇಜು ಓದಿದವರಲ್ಲ, ಅದೇ ಊರಿನ ಪತ್ರಿಕೆಯ ಸಂಪಾದಕರಾಗಿದ್ದವರು. ನಮ್ಮ ದೇಶದಲ್ಲಿ, ವಿಭಜನೆಗೂ ಮೊದಲು, 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಕೋರ್ಸ್ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದಿದ್ದು 1951ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿಗೆ. ಅದನ್ನು ಬೆಳೆಸಿದವರು ನಾಡಿಗ ಕೃಷ್ಣಮೂರ್ತಿ.

ನಮ್ಮ ಕಡೆ ಅದಕ್ಕೂ ಎಷ್ಟೋ ಮೊದಲು ಪತ್ರಿಕೆ ಕಚೇರಿಯೇ ಶಾಲೆ ಆಗಿತ್ತು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ 1896ರಲ್ಲಿ ‘ವಾಗ್ಭೂಷಣ’ ತಂದಿತು. 1921ರಲ್ಲಿ ಧಾರವಾಡದಿಂದ ‘ಕರ್ಮವೀರ’ ಬಂತು. ಬೆಳಗಾವಿಯಲ್ಲಿ ಶುರುವಾದ ‘ಸಂಯುಕ್ತ ಕರ್ನಾಟಕ’ ಮೂವತ್ತರ ದಶಕದಲ್ಲಿ ಹುಬ್ಬಳ್ಳಿಗೆ ಬಂತು. 1942ರಲ್ಲಿ ಅದೇ ಬಳಗದಿಂದ ‘ಕಸ್ತೂರಿ’ ಮಾಸಪತ್ರಿಕೆ ಹೊರಟಿತು. ಉಡುಪಿ ಕಡೆಯಿಂದ ಬಂದ ಪಾ.ವೆಂ. ಆಚಾರ್ಯರು ಅದನ್ನು ಎಷ್ಟೋ ವರ್ಷ ನಡೆಸಿದರು. ಅವರ ಹತ್ತಿರ ಪತ್ರಿಕೋದ್ಯಮದ ಡಿಗ್ರಿ ಇರಲಿಲ್ಲ. ಒಂದೊಂದು ಕನ್ನಡ ಪದದ ಬೇರು ಹುಡುಕುವ ಹಟ ಇತ್ತು. ಕರಡು ತಿದ್ದುತ್ತಾ, ಇಂಗ್ಲಿಷ್ ತಂತಿ ಸುದ್ದಿ ಕನ್ನಡಕ್ಕೆ ತರುತ್ತಾ ಕಲಿತ ತಲೆಮಾರು ಅದು. ಈಗಿನ ಕಚೇರಿಗಳಲ್ಲಿ ಪಕ್ಕ ಕೂರಿಸಿಕೊಂಡು ಕಲಿಸುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಹಾಗಾಗಿ ಆ ಕೆಲಸ ಕಾಲೇಜಿನ ಪ್ರಾಯೋಗಿಕ ಪತ್ರಿಕೆಯ ಮೇಲೆ ಬಿದ್ದಿದೆ.

ಒಂದು ಕೊರತೆಯನ್ನೂ ಹೇಳಬೇಕು. ಹಾರ್ವರ್ಡ್‌ನಲ್ಲಿ 1873ರಿಂದ ಬರುತ್ತಿರುವ ‘ಕ್ರಿಮ್ಸನ್’ ಪತ್ರಿಕೆಯನ್ನು ವಿದ್ಯಾರ್ಥಿಗಳೇ ನಡೆಸುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಅದು ವಿಭಾಗದ ಪತ್ರಿಕೆ, ಸಂಪಾದಕರು ಮೇಷ್ಟ್ರು. ಆಡಳಿತವನ್ನು ಪ್ರಶ್ನಿಸುವ ಸುದ್ದಿ ಹಾಕೋದು ಸುಲಭ ಅಲ್ಲ. ಅದು ಬದಲಾಗಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಸೇರಿಸುವ ಮೊದಲು ಮಗಳನ್ನೂ ಕರೆದುಕೊಂಡು ವಿಭಾಗಕ್ಕೆ ಹೋಗಿ, ಹೋದ ವರ್ಷದ ಸಂಚಿಕೆಗಳನ್ನು ಕೇಳಿ. ಎಷ್ಟು ಬಂದಿವೆ ಎಣಿಸಿ. ಬರೀ ಸಮಾರಂಭ, ಸನ್ಮಾನದ ಫೋಟೋಗಳೇ ಇವೆಯಾ, ಸಂತೆ, ಬಸ್ ಸ್ಟ್ಯಾಂಡ್, ಹಳ್ಳಿ ಕಾಣಿಸುತ್ತವೆಯಾ ನೋಡಿ. ಎಲ್ಲಾದರೂ ಒಂದು ತಿದ್ದುಪಡಿ ಇದೆಯಾ ಅಂತ ಹುಡುಕಿ. ಅಲ್ಲಿನ ಹುಡುಗರ ಜೊತೆ ಮಗಳು ಹತ್ತು ನಿಮಿಷ ಮಾತಾಡಲಿ. ಬೇಸಿಗೆ ರಜೆ ಶುರುವಾದರೆ ಯಾರೂ ಸಿಗಲ್ಲ, ಅದಕ್ಕೆ ಮೊದಲೇ ಹೋಗಿ.