ಹಳೆಯ ಫೋಟೋದಲ್ಲಿರುವ ಕಾರು ಯಾವುದು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪೋಸ್ಟ್‌ಕಾರ್ಡ್ ಅಳತೆಯ ಫೋಟೋ. ಕಾರು ಓರೆಯಾಗಿ ನಿಂತಿದೆ. ಮುಂದಿನ ಸೀಟಿಗೆ ಬಾಗಿಲಿಲ್ಲ, ಸ್ಟೀರಿಂಗ್ ಬಲಗಡೆ, ರೇಡಿಯೇಟರ್ ಮೇಲಿನ ಹೆಸರು ಮಸುಕು. ರೇಡಿಯೇಟರ್ ಕೆಳಗಿಂದ ಎರಡು ಕಬ್ಬಿಣದ ಕೊಂಬುಗಳು ಮುಂದಕ್ಕೆ ಬಾಗಿ ಬಂದಿವೆ. ನೋಡಿದವರೆಲ್ಲ ‘ಫೋರ್ಡ್ ಮಾಡೆಲ್ ಟಿ’ ಅನ್ನುತ್ತಾರೆ. ಹೌದೇ?

ಉತ್ತರ: ಅಲ್ಲ. ಆ ಎರಡು ಕೊಂಬುಗಳೇ ಸಾಕ್ಷಿ. ಮಾಡೆಲ್ ಟಿಯಲ್ಲಿ ಮುಂದಿನ ಆಕ್ಸಲ್ (ಎರಡು ಚಕ್ರ ಕೂರುವ ಅಡ್ಡದಂಡ) ಮೇಲೆ ಒಂದೇ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್), ಅದೂ ಅಡ್ಡಲಾಗಿ, ಬಿಲ್ಲನ್ನು ಬೋರಲು ಹಾಕಿದಂತೆ ಕೂತಿರುತ್ತದೆ. ಆ ಕಾಲದ ಬಹುಪಾಲು ಬೇರೆ ಕಾರುಗಳಲ್ಲಿ ಎಡಕ್ಕೊಂದು, ಬಲಕ್ಕೊಂದು ಸ್ಪ್ರಿಂಗ್ ಚಾಸಿಯ (ಕಾರಿನ ಅಡಿಯ ಚೌಕಟ್ಟು) ಉದ್ದಕ್ಕೆ ಇರುತ್ತವೆ. ಅವುಗಳ ಮುಂದಿನ ತುದಿ ಸಿಕ್ಕಿಸಲೆಂದೇ ಚಾಸಿಯ ತುದಿಗಳನ್ನು ಕೊಂಬಿನಂತೆ ಬಾಗಿಸುತ್ತಿದ್ದರು. 1908ರಿಂದ 1927ರ ನಡುವೆ ಒಂದೂವರೆ ಕೋಟಿ ಮಾಡೆಲ್ ಟಿ ತಯಾರಾದ ಮೇಲೆ ಹಳೆಯ ಕಾರೆಲ್ಲ ಫೋರ್ಡ್ ಆಗಿ ಕಾಣುವುದು ಸಹಜವೇ. ಸ್ಟೀರಿಂಗ್ ಬಲಕ್ಕಿದೆ ಎಂಬುದರಿಂದ ಮಾತ್ರ ಏನೂ ತೀರ್ಮಾನವಾಗದು. ಶುರುವಿನ ವರ್ಷಗಳಲ್ಲಿ ಅಮೆರಿಕದ ಕಾರುಗಳಲ್ಲೂ ಬಲಗಡೆಯ ಸ್ಟೀರಿಂಗೇ ಹೆಚ್ಚು. ಎಡ ಸ್ಟೀರಿಂಗಿನ ಮಾಡೆಲ್ ಟಿಯನ್ನೂ ಹೊರದೇಶಗಳಿಗಾಗಿ ಬಲಕ್ಕೆ ಬದಲಿಸಿ ಮಾಡಿದ್ದುಂಟು.

ಇನ್ನು ಯಾವುದು ಎಂಬ ಪ್ರಶ್ನೆ. ಬಾಡಿಯ ಅಂದಚಂದ ನೋಡಿ ಶುರುಮಾಡಬೇಡಿ. ಆಗ ಎಷ್ಟೋ ಕಂಪನಿಗಳು ಬರೀ ಚಾಸಿ ಮಾರುತ್ತಿದ್ದವು, ಬಾಡಿ ಕಟ್ಟುವವರು ಬೇರೆಯವರು. ಹೀಗಾಗಿ ಒಂದೇ ಬಗೆಯ ಬಾಡಿ ನಾಲ್ಕು ಕಂಪನಿಗಳ ಚಾಸಿ ಮೇಲೆ ಕೂತಿರಬಹುದು. ದೀಪ, ಹಾರ್ನ್, ಟೈರ್‌ಗಳನ್ನಂತೂ ಮಾಲೀಕರು ಬೇಕೆಂದಾಗ ಬದಲಿಸುತ್ತಿದ್ದರು. ಸುಲಭಕ್ಕೆ ಬದಲಾಗದ್ದು ರೇಡಿಯೇಟರ್‌ನ ಹೊರಗೆರೆ, ಆಕ್ಸಲ್, ಸ್ಪ್ರಿಂಗ್ ಮತ್ತು ಹಬ್ (ಚಕ್ರದ ನಡುಭಾಗ).

ಹೆಸರು ಓದಲಾಗದಿದ್ದರೂ ರೇಡಿಯೇಟರ್‌ನ ಆಕಾರ ಮಾತಾಡುತ್ತದೆ. ಗ್ರೀಕ್ ದೇವಾಲಯದ ಮುಖದಂತಿದ್ದರೆ ರೋಲ್ಸ್ ರಾಯ್ಸ್. ನೆತ್ತಿಯ ಮೇಲೆ ಸಾಲು ಸಾಲು ಗೆರೆಗಳಿದ್ದರೆ ಇಂಗ್ಲೆಂಡಿನ ಡೈಮ್ಲರ್. ರೇಡಿಯೇಟರೂ ಬಾನೆಟ್ಟೂ ಪೀಪಾಯಿಯಂತೆ ದುಂಡಗಿದ್ದರೆ ಫ್ರಾನ್ಸಿನ ಡೆಲೋನೆ ಬೆಲ್ವಿಲ್ ಕಾರು ನೆನಪಾಗಬೇಕು. ಆದರೆ ದುಂಡು ರೇಡಿಯೇಟರ್ ಹಾಚ್‌ಕಿಸ್ ಮತ್ತು ಸ್ಪೈಕರ್ ಕಂಪನಿಗಳ ಕಾರುಗಳಲ್ಲೂ ಇತ್ತು. ಆಕಾರ ಹೊಂದಿದ ಮಾತ್ರಕ್ಕೆ ಹೆಸರು ಬರೆದುಬಿಡಬೇಡಿ, ಹಬ್ ಕ್ಯಾಪ್ (ಹಬ್‌ನ ಮುಚ್ಚಳ) ನೋಡಿ. ಅದರ ಮೇಲೆ ಅಕ್ಷರ ಓದಲಾಗದಿದ್ದರೂ ಅಂಚು ದುಂಡೋ, ಆರು ಮೂಲೆಯೋ ಎಂಬುದು ಕಾಣುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ಮರದ ಸ್ಪೋಕ್‌ಗಳನ್ನು ಬೇರೆ ಬೇರೆಯಾಗಿ ಎಣಿಸಿ. ಮಾಡೆಲ್ ಟಿಯಲ್ಲಿ ಎರಡು ಕಡೆಯೂ 12. ಮುಂದೆ 10, ಹಿಂದೆ 12 ಇರುವ ಕಾರುಗಳೂ ಇದ್ದವು.

ಕೊನೆಗೆ ಅಳತೆ. ಓರೆಯಾಗಿ ನಿಂತ ಕಾರಿನ ಚಕ್ರ ಫೋಟೋದಲ್ಲಿ ಮೊಟ್ಟೆಯಾಕಾರವಾಗಿ ಕಾಣುತ್ತದೆ. ಹಿಂದಿನ ಚಕ್ರವನ್ನೇ ಅಳೆಯಿರಿ. ಮುಂದಿನದು ತಿರುಗಿ ನಿಂತಿರಬಹುದು. ಎತ್ತರ 21 ಮಿ.ಮೀ., ಅಗಲ 18 ಮಿ.ಮೀ. ಎಂದುಕೊಳ್ಳಿ. 18ನ್ನು 21ರಿಂದ ಭಾಗಿಸಿದರೆ 0.857. ಎರಡು ಹಬ್‌ಗಳ ನಡುವಿನ ದೂರ ಫೋಟೋದಲ್ಲಿ 62 ಮಿ.ಮೀ. ಇದ್ದರೆ ಅದನ್ನು 0.857ರಿಂದ ಭಾಗಿಸಿ: ಸುಮಾರು 72.3. ಇದನ್ನು ಚಕ್ರದ ಎತ್ತರ 21ರಿಂದ ಭಾಗಿಸಿದರೆ 3.44. ಅಂದರೆ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ಹಬ್‌ಗಳ ನಡುವಿನ ನಿಜವಾದ ದೂರ) ಚಕ್ರದ ವ್ಯಾಸದ 3.44 ಪಟ್ಟು. ಆಗಿನ ಟೈರ್ ಅಳತೆಯಲ್ಲಿ ಮೊದಲ ಸಂಖ್ಯೆ ಟೈರ್‌ನ ಹೊರವ್ಯಾಸ. 760×90 ಟೈರ್ ಆಗಿದ್ದರೆ ವೀಲ್‌ಬೇಸ್ ಸುಮಾರು 2,610 ಮಿ.ಮೀ., 810×90 ಆಗಿದ್ದರೆ ಸುಮಾರು 2,790. ಟೈರ್ ಊಹೆ ತಪ್ಪಿದರೆ ಒಂದು ಗೇಣಿಗೆ ಹತ್ತಿರದಷ್ಟು ವ್ಯತ್ಯಾಸ! ಆದ್ದರಿಂದ ಹೊಂದದ ಕಾರುಗಳನ್ನು ಪಟ್ಟಿಯಿಂದ ತೆಗೆಯಲು ಮಾತ್ರ ಈ ಲೆಕ್ಕ ಬಳಸಿ. ಮಾಡೆಲ್ ಟಿಯ ವೀಲ್‌ಬೇಸ್ 100 ಇಂಚು, 30 ಇಂಚಿನ ಟೈರ್, ಅಂದರೆ 3.33 ಪಟ್ಟು. 3.44ಕ್ಕೂ ಅದಕ್ಕೂ ಇರುವ ಅಂತರ ಸ್ಕೇಲ್ ಇಡುವಾಗಿನ ತಪ್ಪಿನಲ್ಲೇ ಮುಚ್ಚಿಹೋಗುತ್ತದೆ. ನಿಮ್ಮ ಕಾರನ್ನು ಫೋರ್ಡ್ ಅಲ್ಲವೆಂದು ಹೇಳುವುದು ಸ್ಪ್ರಿಂಗ್, ಅಳತೆಯಲ್ಲ. ಚಕ್ರದ ಅಗಲ ಎತ್ತರದ ಮುಕ್ಕಾಲಿಗಿಂತ ತೀರಾ ಕಡಿಮೆ ಕಂಡರೆ ಈ ಲೆಕ್ಕ ಬಿಟ್ಟುಬಿಡಿ.

ಪ್ರಶ್ನೆ: ನಮ್ಮ ಫೋಟೋದ ಕಾರಿಗೆ ಮುಂದೆ ರೇಡಿಯೇಟರೇ ಇಲ್ಲ. ಬಾನೆಟ್ ಮೊರದಂತೆ ಮುಂದಕ್ಕೆ ಇಳಿಜಾರಾಗಿದೆ.

ಉತ್ತರ: ಮೊದಲ ಊಹೆ ಫ್ರಾನ್ಸಿನ ರೆನೋ ಕಂಪನಿಯ ಕಾರು. ಇಂಜಿನ್ ಮುಂದೆ, ರೇಡಿಯೇಟರ್ ಅದರ ಹಿಂದೆ ಇಡುವ ಪದ್ಧತಿಯನ್ನು ಅವರು 1920ರ ದಶಕದ ಕೊನೆಯವರೆಗೂ ಬಿಡಲಿಲ್ಲ. ಬಾನೆಟ್ ಮುಗಿಯುವಲ್ಲಿ ಅದಕ್ಕಿಂತ ಅಗಲವಾದ ರೇಡಿಯೇಟರ್ ಎರಡೂ ಬದಿಗೆ ಚಾಚಿದೆಯೇ, ನೀರಿನ ಮುಚ್ಚಳ ಅಲ್ಲೇ ಇದೆಯೇ ನೋಡಿ. ಇದ್ದರೂ ಕ್ಲೆಮಾಂ ಬಯಾರ್, ಶಾರೋಂ ಕಾರುಗಳು ಇದೇ ಚಹರೆಯವು. ರೇಡಿಯೇಟರ್ ಎಲ್ಲೂ ಇಲ್ಲದಿದ್ದರೆ ಗಾಳಿಯಿಂದಲೇ ತಣಿಯುವ ಇಂಜಿನ್‌ನ ಅಮೆರಿಕದ ಫ್ರಾಂಕ್ಲಿನ್ ಇರಬಹುದು.

ಪ್ರಶ್ನೆ: ಕಾರು ಬಿಳಿ ಬಣ್ಣದ್ದು ಎಂದು ಫೋಟೋ ನೋಡಿ ಹೇಳಬಹುದೇ?

ಉತ್ತರ: ಹೇಳಬಾರದು. ಆಗಿನ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕು ಬೇಗ ತಾಕುತ್ತಿತ್ತು, ಕೆಂಪು ತಾಕುತ್ತಲೇ ಇರಲಿಲ್ಲ. ನೀಲಿ ಕಾರು ಬಿಳಿಚಿಕೊಂಡು ಬರುತ್ತದೆ, ಕೆಂಪು ಕಾರು ಕಪ್ಪಾಗಿ ಬರುತ್ತದೆ. ಫೋಟೋಗೆ ಬಣ್ಣ ತುಂಬುವ ಈಗಿನ ಆ್ಯಪ್‌ಗಳಿಗೆ ಇದು ಗೊತ್ತಿಲ್ಲ. ಮಸುಕಾದ ಅಕ್ಷರಗಳನ್ನು ‘ಸ್ಪಷ್ಟ’ ಮಾಡುವ ಆ್ಯಪ್‌ಗಳದ್ದು ಇನ್ನೂ ದೊಡ್ಡ ಅಪಾಯ: ಹಬ್ ಕ್ಯಾಪ್ ಮೇಲೆ ಇಲ್ಲದ ಅಕ್ಷರಗಳನ್ನು ತಾವೇ ಬರೆದುಬಿಡುತ್ತವೆ. ಮೂಲ ಪ್ರಿಂಟನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಟಿಫ್ ಫೈಲಾಗಿ ಉಳಿಸಿ, ಬರೀ ಹಿಗ್ಗಿಸಿ ನೋಡಿ. ಪ್ರಿಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ.

ಪ್ರಶ್ನೆ: ಫೋಟೋ ಯಾವ ವರ್ಷದ್ದೆಂದು ತಿಳಿಯುವುದು ಹೇಗೆ?

ಉತ್ತರ: ಕಾರಿನ ಮೇಲಿರುವ ಅತಿ ಹೊಸ ವಸ್ತು ಹುಡುಕಿ. ಫುಟ್‌ಬೋರ್ಡ್ ಮೇಲೆ ಕಾರ್ಬೈಡ್ ಗ್ಯಾಸಿನ ಹಿತ್ತಾಳೆ ಡಬ್ಬಿ, ಅಲ್ಲಿಂದ ಮುಂದಿನ ದೀಪಗಳಿಗೆ ಕೊಳವೆ ಇದ್ದರೆ ಕಾರು ಹೆಚ್ಚುಕಡಿಮೆ 1915ಕ್ಕಿಂತ ಹಿಂದಿನದು. ಮುಂದಿನ ಸೀಟಿಗೆ ಬಾಗಿಲು ಸಾಮಾನ್ಯವಾದದ್ದು 1911ರ ಆಸುಪಾಸಿನಲ್ಲಿ. ಸಾಮಾನ್ಯರ ಕಾರಿನ ಮುಂದಿನ ಚಕ್ರಗಳಲ್ಲಿ ಬ್ರೇಕ್ ಡ್ರಮ್ ಕಂಡರೆ 1923ರ ನಂತರದ ಕಾರು. ಆದರೆ ಇದು ಕಾರಿನ ಕಾಲ. ಫೋಟೋ ಹತ್ತು ವರ್ಷ ತಡವಾಗಿಯೂ ತೆಗೆದಿರಬಹುದು. ಫೋಟೋ ಪೋಸ್ಟ್‌ಕಾರ್ಡ್ ಆಗಿದ್ದರೆ ಹಿಂಬದಿ ತಿರುಗಿಸಿ. ವಿಳಾಸಕ್ಕೂ ಒಕ್ಕಣೆಗೂ ನಡುವೆ ಗೆರೆ ಎಳೆದ ಕಾರ್ಡು ಬ್ರಿಟನ್ನಿನಲ್ಲಿ 1902ರಿಂದ, ಅಮೆರಿಕದಲ್ಲಿ 1907ರಿಂದ ಬಳಕೆಗೆ ಬಂತು.

ಪ್ರಶ್ನೆ: ಹಳೆಯ ಗಾಜಿನ ನೆಗೆಟಿವ್‌ನಿಂದ ಪ್ರಿಂಟ್ ಹಾಕಿಸಿದೆವು. ನಂಬರ್ ಪ್ಲೇಟ್ ಓದಲಾಗುತ್ತಿಲ್ಲ, ಸ್ಟೀರಿಂಗ್ ಯಾವ ಕಡೆ ಎಂಬ ಅನುಮಾನ.

ಉತ್ತರ: ನೆಗೆಟಿವ್ ಮಗುಚಿ ಪ್ರಿಂಟ್ ಹಾಕಿದರೆ ಎಡಬಲ ಅದಲುಬದಲಾಗುತ್ತದೆ. ಕೋಟು ತೊಟ್ಟ ಗಂಡಸರನ್ನು ನೋಡಿ: ಗಂಡಸರ ಕೋಟಿನಲ್ಲಿ ಎಡಭಾಗ ಬಲಭಾಗದ ಮೇಲೆ ಬರುತ್ತದೆ. ಎಲ್ಲರದ್ದೂ ಉಲ್ಟಾ ಇದ್ದರೆ ಪ್ರಿಂಟೇ ಉಲ್ಟಾ.