ಹಳೇ ಗುಳಿಗೆ, ಹೊಸ ಚೀಟಿ: ತಾಳೆ ನೋಡುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಯವರಿಗೆ 67 ವರ್ಷ. ಹಾರ್ಟ್ ಅಟ್ಯಾಕ್ ಆಗಿ, ಮಿರಜಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಐದು ದಿನಕ್ಕೆ ಮನೆಗೆ ಬಂದರು. ಮೊದಲಿನಿಂದ ಊರಿನ ಡಾಕ್ಟರು ಬರೆದ ಬಿಪಿ, ಶುಗರ್ ಗುಳಿಗೆ ನಡೆದಿದ್ದವು. ಮೊಣಕಾಲು ನೋವಿಗೆ ಆಗಾಗ ಡೈಕ್ಲೋಫೆನಾಕ್. ಹೊಸ ಡಿಸ್ಚಾರ್ಜ್ ಕಾರ್ಡಿನಲ್ಲಿ ಆರು ಗುಳಿಗೆ ಇವೆ, ಶುಗರಿನದು ಒಂದೂ ಇಲ್ಲ. ಹಳೆಯವನ್ನು ಬಿಡಬೇಕೋ, ಎರಡೂ ಕೊಡಬೇಕೋ? ಎರಡೂ ಪಟ್ಟಿ ಕಳಿಸಿದ್ದೇನೆ.
— ಓದುಗರು, ಜಮಖಂಡಿ

ಉತ್ತರ: ಎರಡನ್ನೂ ಕೂಡಿಸಿ ಕೊಡಬೇಡಿ, ಹಳೆಯವನ್ನು ನೀವಾಗಿಯೇ ಬಿಡಿಸಲೂಬೇಡಿ. ಮುಂದಿನ ಡೋಸಿಗೆ ಮೊದಲೇ ಕಾರ್ಡಿನಲ್ಲಿರುವ ನಂಬರಿಗೆ ಫೋನ್ ಮಾಡಿ. ಹಳೇ ಗುಳಿಗೆ ಕಾರ್ಡಿನಲ್ಲಿ ಇಲ್ಲವೆಂದರೆ ಡಾಕ್ಟರು ಬೇಕೆಂದೇ ನಿಲ್ಲಿಸಿರಬಹುದು, ಬರೆಯುವಾಗ ಬಿಟ್ಟುಹೋಗಿರಲೂಬಹುದು. ಯಾವುದೆಂದು ಕಾರ್ಡು ನೋಡಿ ತಿಳಿಯುವುದಿಲ್ಲ, ಕೇಳಿಯೇ ತಿಳಿಯಬೇಕು. ಆಸ್ಪತ್ರೆ ಭಾಷೆಯಲ್ಲಿ ಈ ಕೆಲಸಕ್ಕೆ ಮೆಡಿಕೇಶನ್ ರಿಕನ್ಸಿಲಿಯೇಶನ್ ಎನ್ನುತ್ತಾರೆ. ಸೇರುವಾಗ, ಐಸಿಯುದಿಂದ ವಾರ್ಡಿಗೆ ಬರುವಾಗ, ಮನೆಗೆ ಹೋಗುವಾಗ ಮೂರು ಸಲವೂ ಅವರೇ ಮಾಡಬೇಕಾದ ತಾಳೆ ಅದು. ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ನಿಮ್ಮ ಪಟ್ಟಿಗಳಲ್ಲಿ ಕಂಡದ್ದು ಇಷ್ಟು. ಹಳೇ ಬಿಪಿ ಗುಳಿಗೆಯ ಸ್ಟ್ರಿಪ್ ತಿರುಗಿಸಿ, ಬೆನ್ನಿನ ಸಣ್ಣ ಅಕ್ಷರ ಓದಿ: ಟೆಲ್ಮಿಸಾರ್ಟನ್ 40 ಮಿ.ಗ್ರಾಂ, ಅಮ್ಲೋಡಿಪಿನ್ 5 ಮಿ.ಗ್ರಾಂ. ಹೊಸ ಕಾರ್ಡಿನಲ್ಲಿ ಬೇರೆ ಕಂಪನಿಯ ಹೆಸರಿನಲ್ಲಿ ಅದೇ ಟೆಲ್ಮಿಸಾರ್ಟನ್ 40 ಇದೆ, ಜೊತೆಗೆ ಮೆಟೊಪ್ರೊಲಾಲ್ 25. ಎರಡೂ ನುಂಗಿದರೆ ಟೆಲ್ಮಿಸಾರ್ಟನ್ 80 ಆಗಿ ಬಿಪಿ ಇಳಿದು, ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬರಬಹುದು, ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು. ಹೆಸರಿನ ಬಾಲದಲ್ಲಿ ಎಎಂ, ಎಚ್, ಜಿಪಿ ಎಂಬ ಅಕ್ಷರ ಇದ್ದರೆ ಸಾಮಾನ್ಯವಾಗಿ ಒಂದೇ ಗುಳಿಗೆಯಲ್ಲಿ ಎರಡು ಔಷಧಿ ಇವೆ ಎಂದು ತಿಳಿಯಿರಿ. ಅಮ್ಲೋಡಿಪಿನ್ ನಿಲ್ಲಿಸಿದ್ದಾರೋ ಎಂಬುದನ್ನೂ ಕೇಳಿ.

ಇನ್ನು ಶುಗರ್. ಹಳೆಯದು ಗ್ಲಿಮೆಪಿರೈಡ್ 1, ಮೆಟ್‌ಫಾರ್ಮಿನ್ 500 ಕೂಡಿದ್ದು. ಸ್ಟೆಂಟ್ ಹಾಕುವಾಗ ರಕ್ತನಾಳಕ್ಕೆ ಡೈ ಬಿಡುತ್ತಾರೆ. ಕಿಡ್ನಿ ದುರ್ಬಲವಿದ್ದವರಿಗೆ ಆಗ ಮೆಟ್‌ಫಾರ್ಮಿನ್ ನಿಲ್ಲಿಸಿ, 48 ಗಂಟೆ ಕಳೆದ ಮೇಲೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತಪರೀಕ್ಷೆ) ನೋಡಿ ಮತ್ತೆ ಶುರು ಮಾಡುತ್ತಾರೆ. ಅಲ್ಲಿಯವರೆಗೆ ವಾರ್ಡಿನಲ್ಲಿ ಇನ್ಸುಲಿನ್ ನಡೆದಿರುತ್ತದೆ. ಬಿಡುಗಡೆಯ ಗಡಿಬಿಡಿಯಲ್ಲಿ ಇನ್ಸುಲಿನ್ ನಿಂತು, ಗುಳಿಗೆ ಮರಳಿ ಬರೆಯುವುದು ತಪ್ಪಿಹೋಗುತ್ತದೆ. ನಿಮ್ಮಲ್ಲಿ ಹೀಗೇ ಆಗಿದ್ದರೆ ಒಂದು ವಾರದಲ್ಲಿ ಶುಗರ್ ಎಲ್ಲಿಗೋ ಏರಬಹುದು. ಇವತ್ತೇ ಕೇಳಿ, ಕ್ರಿಯಾಟಿನಿನ್ ಎಷ್ಟಿತ್ತು ಎಂದೂ ಕೇಳಿ ಬರೆದುಕೊಳ್ಳಿ.

ಡೈಕ್ಲೋಫೆನಾಕ್ ಮಾತ್ರ ಈಗಲೇ ಬಿಡಿಸಿ. ಹೊಸ ಕಾರ್ಡಿನಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಟಿಕಾಗ್ರೆಲಾರ್ ಜೊತೆ ಅದು ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯದಲ್ಲ. ಮಲ ಟಾರಿನಂತೆ ಕಪ್ಪಗೆ ಹೋದರೆ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಆಸ್ಪಿರಿನ್ 75, ಟಿಕಾಗ್ರೆಲಾರ್ 90 (ದಿನಕ್ಕೆ ಎರಡು ಸಲ) ಒಂದು ಹೊತ್ತೂ ತಪ್ಪಬಾರದು. ಸ್ಟ್ರಿಪ್ ಮುಗಿಯಿತೆಂದು ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಮತ್ತೆ ಅಟ್ಯಾಕ್ ಆಗಬಹುದು. ಹೃದಯಾಘಾತದ ನಂತರ ಇವೆರಡನ್ನೂ ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಟಿಕಾಗ್ರೆಲಾರಿನಿಂದ ಕೆಲವರಿಗೆ ದಮ್ಮು ಬಂದಂತಾಗುತ್ತದೆ. ಹಾಗಾದರೆ ಕೂಡಲೇ ಡಾಕ್ಟರಿಗೆ ತಿಳಿಸಿ, ಗುಳಿಗೆಯನ್ನು ನೀವಾಗಿ ಬಿಡಿಸಬೇಡಿ. ಬದಲಿ ಔಷಧಿ ಇದೆ.

ಫೋನಿನಲ್ಲಿ ಒಂದೊಂದು ಹಳೇ ಗುಳಿಗೆಯ ಹೆಸರು ಹೇಳಿ, ‘ಮುಂದುವರಿಸಲಿ, ನಿಲ್ಲಿಸಲಿ, ಪ್ರಮಾಣ ಬದಲೇ’ ಎಂದು ಕೇಳಿ ಎದುರಿಗೇ ಬರೆದುಕೊಳ್ಳಿ. ನಿಂತ ಗುಳಿಗೆಯನ್ನು ಡಬ್ಬಿಯಿಂದ ತೆಗೆದುಬಿಡಿ. ಆ ಹಾಳೆಯನ್ನು ಊರಿನ ಡಾಕ್ಟರಿಗೂ ತೋರಿಸಿ. ಇಲ್ಲದಿದ್ದರೆ ಮುಂದಿನ ತಿಂಗಳು ಅವರು ಹಳೇ ಚೀಟಿಯನ್ನೇ ಮತ್ತೆ ಬರೆದಾರು.

ಪ್ರಶ್ನೆ: ಅವ್ವನನ್ನು ವಿಜಯಪುರದ ಆಸ್ಪತ್ರೆಗೆ ಸೇರಿಸಬೇಕಾಗಿದೆ. ಗುಳಿಗೆಯ ಹೆಸರು ಅವರಿಗೆ ಗೊತ್ತಿಲ್ಲ, ‘ಬಿಳಿದು, ಸಣ್ಣದು’ ಎನ್ನುತ್ತಾರೆ. ಏನು ಒಯ್ಯಬೇಕು?
— ಓದುಗರು, ಇಂಡಿ

ಉತ್ತರ: ಚೀಟಿಯೊಂದೇ ಸಾಲದು, ಮನೆಯಲ್ಲಿರುವ ಔಷಧಿಯನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಸ್ಟ್ರಿಪ್ಪನ್ನು ಗುಳಿಗೆ ಗುಳಿಗೆಯಾಗಿ ಕತ್ತರಿಸಬೇಡಿ, ಹೆಸರೇ ಹೋಗಿಬಿಡುತ್ತದೆ. ಕಣ್ಣಿನ ಹನಿ, ಇನ್‌ಹೇಲರ್, ನಾಟಿ ಔಷಧಿ, ಚೂರ್ಣ ಎಲ್ಲವೂ ಔಷಧಿಯೇ. ಗ್ಲಾಕೋಮಾಕ್ಕೆ (ಕಣ್ಣಿನ ಒತ್ತಡದ ಕಾಯಿಲೆಗೆ) ಹಾಕುವ ಟಿಮೊಲಾಲ್ ಹನಿ ಕೂಡ ನಾಡಿ ಇಳಿಸಬಲ್ಲದು.

ವಾರಕ್ಕೊಮ್ಮೆ ನುಂಗುವುದಿದ್ದರೆ ಕೇಳುವ ಮೊದಲೇ ಹೇಳಿ. ಕೀಲುನೋವಿನ ಮೆಥೊಟ್ರೆಕ್ಸೇಟ್ ವಾರಕ್ಕೊಂದು ದಿನದ ಔಷಧಿ. ತಪ್ಪಿ ದಿನಾ ಕೊಟ್ಟರೆ ಜೀವಕ್ಕೇ ಅಪಾಯ.

ಇನ್ಸುಲಿನ್ ಇದ್ದರೆ ಬಾಟಲಿ, ಸಿರಿಂಜು ಎರಡನ್ನೂ ಒಯ್ಯಿರಿ. ಬಾಟಲಿಯ ಮೇಲೆ 40 ಐಯು (ಒಂದು ಮಿ.ಲೀ.ಗೆ 40 ಯುನಿಟ್) ಎಂದಿದ್ದರೆ ಕೆಂಪು ಮುಚ್ಚಳದ ಸಿರಿಂಜು, 100 ಐಯು ಎಂದಿದ್ದರೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 50 ಯುನಿಟ್!

ಬರೆದದ್ದು ದಿನಕ್ಕೆ ಎರಡಾದರೂ ಅವ್ವ ಒಂದೇ ನುಂಗುತ್ತಿದ್ದರೆ, ಏಕಾದಶಿಗೆ ಬಿಡುತ್ತಿದ್ದರೆ ಅದನ್ನೂ ಹೇಳಿ. ಮನೆಯಲ್ಲಿ ಅರ್ಧ ನುಂಗುವವರಿಗೆ ವಾರ್ಡಿನಲ್ಲಿ ಪೂರ್ತಿ ಕೊಟ್ಟಾಗ ಬಿಪಿ, ಶುಗರ್ ಒಮ್ಮೆಲೇ ಕುಸಿಯುತ್ತವೆ.

ಪ್ರಶ್ನೆ: ಜನೌಷಧಿ ಅಂಗಡಿಯ ಗುಳಿಗೆಯ ಬಣ್ಣ, ಹೆಸರು ಬೇರೆ. ಅದೇ ಔಷಧಿಯೇ?
— ಓದುಗರು, ಬೈಲಹೊಂಗಲ

ಉತ್ತರ: ಔಷಧಿಯ ಮೂಲ ಹೆಸರು, ಮಿ.ಗ್ರಾಂ, ಎಸ್‌ಆರ್ ಅಥವಾ ಎಕ್ಸ್‌ಎಲ್ ಎಂಬ (ನಿಧಾನವಾಗಿ ಕರಗುವ ಗುಳಿಗೆಯ) ಗುರುತು ಮೂರೂ ಕೂಡಿದರೆ ಅದೇ. ಥೈರಾಯ್ಡ್ ಗುಳಿಗೆಯನ್ನು ಮಾತ್ರ ಕಂಪನಿ ಬದಲಿಸಿದರೆ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಹೊಸದು ತಂದ ದಿನ ಹಳೇ ಸ್ಟ್ರಿಪ್ ಡಬ್ಬಿಯಲ್ಲಿ ಉಳಿಯದಿರಲಿ.